ನೇರಳೆ ಎಲೆ ಗಿಡಕ್ಕೆಲ್ಲ ‘ಕ್ರೋಟನ್’ ಅನ್ನೋದು ಸಾಕು

ನಮ್ಮೂರ ಗಿಡಗಳು | ಫೋಟೋ 1ರಿಂದ 5

(1/5)
ಭದ್ರಾವತಿಯಲ್ಲಿ ಯಾರದ್ದಾದ್ರೂ ಕಾಂಪೌಂಡ್ ಒಳಗಿನ ಬಣ್ಣದ ಗಿಡ ತೋರಿಸಿ ‘ಇದ್ಯಾವ ಗಿಡ?’ ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಜನ ‘ಕ್ರೋಟನ್’ ಅಂತಾರೆ. ಹಳದಿ ಚುಕ್ಕೆ ಇದ್ರೂ ಕ್ರೋಟನ್, ಕೆಂಪಿದ್ರೂ ಕ್ರೋಟನ್, ನೇರಳೆ ಇದ್ರೂ ಕ್ರೋಟನ್. ಪೇಪರ್ ಟೌನ್, ನ್ಯೂಟೌನ್ ಕಡೆ ಹಳೇ ಕ್ವಾರ್ಟರ್ಸ್ ಮುಂದೆ ಆಳೆತ್ತರ ಬೆಳೆದಿರೋ ನೇರಳೆ ಗಿಡಕ್ಕೂ ಅದೇ ಹೆಸರು. ಇದು ಹೆಸರಲ್ಲ ಕಣ್ರೋ, ನೋಡೋದನ್ನ ನಿಲ್ಲಿಸೋಕೆ ಒಂದು ನೆಪ ಅಷ್ಟೇ.

(2/5)
ಫೋಟೋ 2ರ ಗಿಡವನ್ನ ಒಂದು ಆ್ಯಪ್‌ಗೆ ತೋರಿಸಿದ್ರೆ ‘ಸ್ಮೋಕ್ ಬುಷ್’ ಅಂತು. ಸ್ಮೋಕ್ ಬುಷ್ ಅಂದ್ರೆ ಕೋಟಿನಸ್. ದಕ್ಷಿಣ ಯುರೋಪಿನಿಂದ ಹಿಮಾಲಯದವರೆಗೆ ಬೆಳೆಯೋ, ನಮ್ಮ ಮಾವು-ಗೇರಿನ ಕುಟುಂಬದ ಗಿಡ. ಇಲ್ಲಿರೋದು ಯೂಫೋರ್ಬಿಯಾ ಕೋಟಿನಿಫೋಲಿಯಾ. ಮೂಲ ಊರು ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ. ಕುಟುಂಬ ನಮ್ಮ ಕಳ್ಳಿಯದ್ದು, ಔಡಲದ್ದು. ತಮಾಷೆ ನೋಡಿ: 1753ರಲ್ಲಿ ಲಿನೇಯಸ್ ಇಟ್ಟ ಈ ಹೆಸರಿನ ಅರ್ಥವೇ ‘ಕೋಟಿನಸ್ ತರದ ಎಲೆಯದು’. ಆ್ಯಪ್‌ಗೆ ಕಂಡ ಹೋಲಿಕೆ ಅವನಿಗೂ ಕಂಡಿತ್ತು. ಆದ್ರೆ ಅವನು ಎರಡನ್ನೂ ಬೇರೆ ಅಂತ ಬರೆದ.

(3/5)
ಹೆಸರು ತಪ್ಪಿದ್ರೆ ಏನಾಯ್ತು ಅಂತೀರಾ? ಈ ಗಿಡದ ಕೊಂಬೆ ಮುರಿದ್ರೆ ಬಿಳಿ ಹಾಲು ಬರುತ್ತೆ. ಚರ್ಮಕ್ಕೆ ತಾಗಿದ್ರೆ ಉರಿ, ಬೊಕ್ಕೆ. ಕಣ್ಣಿಗೆ ಬಿದ್ರೆ ದೃಷ್ಟಿಗೇ ಪೆಟ್ಟು ಬೀಳಬಹುದು. ಅದರ ತವರಲ್ಲಿ ಈ ಹಾಲನ್ನ ಮೀನು ಹಿಡಿಯೋ ವಿಷವಾಗಿ ಬಳಸ್ತಿದ್ರು. ಈಗ ಯೋಚಿಸಿ: ಶ್ರಮದಾನದ ದಿನ ಬರಿಗೈಲಿ ಗಿಡ ಸವರೋರು ಯಾರು? ನಾವೇ. ಬೆವರು ಒರೆಸೋದು? ಅದೇ ಕೈಲಿ.

ಇನ್ನೊಂದು ಕಡೆ, ಕೆಂಪು-ನೇರಳೆ ಎಲೆಯ ಒಂದು ದಾಸವಾಳ ಇದೆ, ಹಿಬಿಸ್ಕಸ್ ಅಸಿಟೋಸೆಲ್ಲಾ. ಪುಂಡಿ ಸೊಪ್ಪಿನ ಹಾಗೆ ಹುಳಿ, ತಿನ್ನಬಹುದು. ರೀಲ್ಸ್‌ನಲ್ಲಿ ಯಾರೋ ನೇರಳೆ ಎಲೆ ಚಟ್ನಿ ಮಾಡಿದ್ರು ಅಂತ ಬಣ್ಣ ನೋಡಿ ಕಿತ್ತರೆ ಕಥೆ ಮುಗೀತು. ಬಣ್ಣ ಹೇಳೋದು ಎಲೆಯಲ್ಲಿ ಆಂಥೋಸಯನಿನ್ ಇದೆ ಅಂತ ಮಾತ್ರ. ಅದು ತಿನ್ನೋ ಗಿಡದಲ್ಲೂ ಇರುತ್ತೆ, ವಿಷದ ಗಿಡದಲ್ಲೂ ಇರುತ್ತೆ.

(4/5)
ಹಾಗಾದ್ರೆ ಗುರುತು ಹೇಗೆ? ಬಣ್ಣ ಬಿಡಿ, ಎಲೆ ಎಣಿಸಿ.
• ಕೊಂಬೆಯ ಒಂದೇ ಗಿಣ್ಣಿನಲ್ಲಿ ಮೂರು ಎಲೆ, ಉದ್ದ ತೊಟ್ಟು, ನುಣುಪು ಅಂಚು, ಚಿಕ್ಕ ಕೆನೆಬಿಳಿ ಹೂ: ಕೋಟಿನಿಫೋಲಿಯಾ. ಮುಟ್ಟಬೇಡಿ.
• ಎದುರುಬದುರು ಎರಡು ಎಲೆ, ಹೂವಿನ ನಡುವೆ ನೇರಳೆ-ಕೆಂಪು ಚುಕ್ಕೆ: ಸ್ಯೂಡರಾಂಥೆಮಮ್.
• ಒಂದೊಂದೇ ಎಲೆ, ಗರಗಸದ ಅಂಚು, ಬಾಲದ ಹಾಗೆ ಜೋತು ಬಿದ್ದ ಹೂಗೊಂಚಲು: ಅಕಲಿಫಾ.
• ಮೇಲೆ ಹಸಿರು, ಕೆಳಗೆ ಕೆಂಪು-ನೇರಳೆ: ಎಕ್ಸೊಕೇರಿಯಾ ಇರಬಹುದು. ಅದಕ್ಕೂ ಹಾಲಿದೆ, ಹುಷಾರು.

ಯಾರನ್ನಾದ್ರೂ ಕೇಳೋದಿದ್ರೆ ಮೇಲಿಂದ ಒಂದೇ ಫೋಟೋ ಕಳಿಸಬೇಡಿ. ಇಡೀ ಗಿಡ, ಗಿಣ್ಣು, ಎಲೆಯ ಹಿಂಭಾಗ, ಹೂ, ನಾಲ್ಕೂ ಬೇಕು. ನಮ್ಮ ತಾಲ್ಲೂಕಿನ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯ ಇದೆ, ಅಲ್ಲಿ ಸಸ್ಯಶಾಸ್ತ್ರ ಓದಿರೋರು ನಮ್ಮ ಪಕ್ಕದ ಬೀದಿಯಲ್ಲೇ ಇರ್ತಾರೆ. ಆ್ಯಪ್ ಹೇಳೋದು ಊಹೆ. ಅದನ್ನ ಪರೀಕ್ಷೆ ಮಾಡೋದು ನಮ್ಮ ಕೆಲಸ.

ಹಾಲು ತಾಗಿದ್ರೆ ಉಜ್ಜಬೇಡಿ. ಚರ್ಮಕ್ಕಾದ್ರೆ ಸೋಪು-ನೀರು. ಕಣ್ಣಿಗಾದ್ರೆ 15–20 ನಿಮಿಷ ಶುದ್ಧ ನೀರು ಬಿಟ್ಟು ತೊಳೆದು ಸೀದಾ ಡಾಕ್ಟರ್ ಹತ್ರ ಹೋಗಿ, ಗಿಡದ ಫೋಟೋನೂ ತೋರಿಸಿ.

(5/5)
‘ಹಂಗಾದ್ರೆ ಕಡಿದು ಹಾಕೋಣ’ ಅನ್ನೋರಿಗೆ ಒಂದು ಮಾತು. ಕಣಗಿಲೆಯೂ ವಿಷವೇ. ಆದ್ರೂ ಮನೆಮನೆಯಲ್ಲಿದೆ, ದೇವರಿಗೂ ಏರುತ್ತೆ. ಯಾಕಂದ್ರೆ ಅದು ಕಣಗಿಲೆ ಅಂತ ಅಜ್ಜಿಗೂ ಗೊತ್ತು, ಮೊಮ್ಮಗೂಗೂ ಗೊತ್ತು. ಮಲೆನಾಡಿನ ಕಾಡಿಗೆ ಹೋಗೋರಿಗೆ ಚೇರೆ ಮರ ಗೊತ್ತು, ದೂರದಿಂದಲೇ ದಾಟ್ತಾರೆ. ನಮ್ಮ ಜನ ಹೆಸರಿನ ಜೊತೆಗೇ ಎಚ್ಚರಿಕೆಯನ್ನೂ ಕಲಿಸ್ತಿದ್ರು. ನರ್ಸರಿಯಿಂದ ಬಂದ ಈ ಗಿಡಕ್ಕೆ ಹೆಸರೂ ಬರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ.

ಅದಕ್ಕೇ ನನ್ನ ವಾದ ಇಷ್ಟು: ಗಿಡ ಮಾರೋರು ಬೆಲೆ ಚೀಟಿ ಹಾಕೋ ಹಾಗೆ ಹೆಸರಿನ ಚೀಟಿಯನ್ನೂ ಕನ್ನಡದಲ್ಲಿ ಹಾಕ್ಲಿ. ಶಾಲೆ, ಕಾಲೇಜು, ಪಾರ್ಕ್‌ನಲ್ಲಿ ಹಾಲು ಬರೋ ಗಿಡಕ್ಕೆ ಒಂದು ಸಣ್ಣ ಬೋರ್ಡ್ ಇರ್ಲಿ. ಖರ್ಚು ಒಂದು ತಗಡು, ಒಂದಿಷ್ಟು ಪೇಂಟ್. ಅಲ್ಲಿವರೆಗೆ ನಾವೇ ಶುರು ಮಾಡೋಣ: ಈ ವಾರ ನಿಮ್ಮ ಬೀದಿಯ ಒಂದು ನೇರಳೆ ಗಿಡದ ಗಿಣ್ಣಿನ ಫೋಟೋ ಹಾಕಿ, ಎಷ್ಟು ಎಲೆ ಇದೆ ಅಂತ ಬರೀರಿ. ಕ್ರೋಟನ್ ಅಂತ ಬರೆದೋರಿಗೆ ಮಾತ್ರ ಲೈಕ್ ಇಲ್ಲ!

#ನಮ್ಮೂರಗಿಡಗಳು #ಭದ್ರಾವತಿ #ಎಲೆಎಣಿಸಿ