ಬಿಟ್ಟುಹೋದ ಪೋಲೀಸರಿಗೆ ಮರಳುವ ದಾರಿ

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದೆಂದು ನಮ್ಮ ಹಿರಿಯರು ಹೇಳುವರು. ರಾಜೀನಾಮೆ ಕೊಟ್ಟ ಪೋಲೀಸು ನೌಕರನ ಪಾಡು ಬಹುಮಟ್ಟಿಗೆ ಇದೇ ಆಗಿದೆ. ಅವನು ಹೊರಬಿದ್ದ ದಿನ ಕೆಲವರು ಧೀರನೆಂದು ಕೊಂಡಾಡುವರು, ಕೆಲವರು ಹೇಡಿಯೆಂದು ಹಳಿಯುವರು. ಆದರೆ ಮೇಲಿನವರ ಕಿರುಕುಳಕ್ಕೋ ಮನೆಯ ಸಂಕಟಕ್ಕೋ ಬೇಸತ್ತು ಬಿಟ್ಟವನು ಮರಳಿ ಬರಬೇಕೆಂದರೆ ಅವನ ಗತಿಯೇನೆಂದು ವಿಚಾರಿಸುವವರು ವಿರಳ.

1861ನೆಯ ಇಸವಿಯ ಪೋಲೀಸು ಕಾಯದೆಯನ್ನು ಮಾಡಿದ ಆಂಗ್ಲರಿಗೆ, ಸಿಪಾಯಿಯು ಹೇಳದೆ ಕೇಳದೆ ಹೋಗಬಾರದೆಂಬ ಚಿಂತೆಯಿದ್ದಿತು. ಜಿಲ್ಲೆಯ ಸುಪರಿಂಟೆಂಡೆಂಟರ ಅಪ್ಪಣೆಯಿಲ್ಲದಿದ್ದರೆ ಎರಡು ತಿಂಗಳ ಲಿಖಿತ ಸೂಚನೆಯನ್ನಾದರೂ ಕೊಡಬೇಕೆಂದು ಅದರ 9ನೆಯ ಕಲಮು ವಿಧಿಸಿತು. ರಾಜೀನಾಮೆಯು ಸ್ವೀಕೃತವಾಗುವ ವರೆಗೆ, ನಿಯಮವು ಅಡ್ಡಬಾರದಿದ್ದರೆ, ನೌಕರನು ಅದನ್ನು ಹಿಂದೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 1968ರಲ್ಲಿ ರಾಜಕುಮಾರರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ತೊಡಕಿರುವದು ಸ್ವೀಕೃತವಾದ ಮೇಲೆ.

ಅಖಿಲ ಭಾರತ ಸೇವೆಗಳ ಅಧಿಕಾರಿಗಳಿಗೆ 1958ರ ನಿವೃತ್ತಿವೇತನದ ನಿಯಮಾವಳಿಯಲ್ಲಿ ಇದಕ್ಕೊಂದು ದಾರಿಯುಂಟು. ರಾಜೀನಾಮೆಗೆ ಅನಿವಾರ್ಯ ಕಾರಣವಿದ್ದಿರಬೇಕು, ಪ್ರಾಮಾಣಿಕತೆಗೂ ದಕ್ಷತೆಗೂ ಕಲಂಕ ತಗಲಿರಬಾರದು, ನಡುವಣ ಕಾಲದಲ್ಲಿ ನಡತೆ ನೆಟ್ಟಗಿರಬೇಕು, ಸ್ಥಾನವು ತೆರವಿರಬೇಕು, ಸೇವೆಯಿಂದ ದೂರವಿದ್ದ ಕಾಲವು 90 ದಿನಗಳನ್ನು ಮೀರಬಾರದು. ರಾಜಕೀಯ ಪಕ್ಷವನ್ನು ಸೇರಲೆಂದು ಬಿಟ್ಟವನಿಗೆ ಈ ಬಾಗಿಲು ಮುಚ್ಚಿದೆ. ಇವೆಲ್ಲ ಯುಕ್ತವೇ. ಪಕ್ಷದ ಬಾವುಟವನ್ನು ಹಿಡಿದ ಕೈಯಲ್ಲಿ ಮರುದಿನವೇ ಲಾಠಿಯನ್ನು ಕೊಟ್ಟರೆ ಜನರಿಗೆ ಅದರಲ್ಲಿ ನಂಬುಗೆ ಹೇಗೆ ಉಳಿದೀತು?

ಆದರೆ ಆ 90 ದಿನಗಳ ಎಣಿಕೆಯಲ್ಲಿ ದೊಡ್ಡದೊಂದು ಅನ್ಯಾಯವಡಗಿದೆ. ಎಣಿಕೆ ಮುಗಿಯುವದು ಅರ್ಜಿ ಕೊಟ್ಟ ದಿನಕ್ಕಲ್ಲ. ಕೆಲಸಕ್ಕೆ ಹಾಜರಾಗಲು ಅಪ್ಪಣೆ ದೊರೆತ ದಿನಕ್ಕೆ. ಹತ್ತನೆಯ ದಿನವೇ ಅರ್ಜಿ ಹಾಕಿದವನ ಕಾಗದವು ಕಚೇರಿಯಲ್ಲಿ ಮೂರು ತಿಂಗಳು ಮಲಗಿದರೆ ತಪ್ಪು ಯಾರದು, ದಂಡ ಯಾರಿಗೆ? ಅಧಿಕಾರಸ್ಥರಿಗೆ ಬೇಡಾದವನನ್ನು ಹೊರಗಿಡಲು 'ಒಲ್ಲೆ'ವೆಂದು ಬರೆಯುವ ಅಗತ್ಯವೇ ಇಲ್ಲ, ಸುಮ್ಮನಿದ್ದರೆ ಸಾಕು. ಬೇಕಾದವನ ಕಾಗದಕ್ಕಾದರೋ ಕಾಲು ಬರುತ್ತದೆ. ಬಿಹಾರದಲ್ಲಿ 2009ರಲ್ಲಿ ಚುನಾವಣೆಯ ಕಾಲಕ್ಕೆ ಸ್ವೇಚ್ಛಾನಿವೃತ್ತಿ ಬೇಡಿದ್ದ ಹಿರಿಯ ಪೋಲೀಸು ಅಧಿಕಾರಿಯೊಬ್ಬರು ಕೆಲವು ತಿಂಗಳ ಮೇಲೆ ಸೇವೆಗೆ ಮರಳಿದರು; 2019ರಲ್ಲಿ ಆ ಪ್ರಾಂತದ ಪೋಲೀಸು ಖಾತೆಯ ಮುಖ್ಯಸ್ಥರೇ ಆದರು. ಠಾಣೆಯ ಬಡ ಸಿಪಾಯಿಗೆ ಇಂಥ ಭಾಗ್ಯವೆಲ್ಲಿಯದು? ಗಡುವು ದಾಟಿತೆಂದರೆ ಅವನು ಹೊಸ ಉಮೇದುವಾರರ ಸಾಲಿನಲ್ಲಿ ನಿಲ್ಲಬೇಕು. ವಯಸ್ಸು ಮೀರಿದ್ದರೆ ಅದೂ ಇಲ್ಲ. ಹಿಂದಿನ ಸೇವೆಯೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತೆ.

ರಾಜೀನಾಮೆಯನ್ನು ಆಟದ ವಸ್ತುವಾಗಿ ಮಾಡಿರೆಂದು ನಾವು ಹೇಳುವದಿಲ್ಲ. ಶಿಸ್ತಿನ ಖಾತೆಯಲ್ಲಿ ಬೇಕಾದಾಗ ಹೋಗಿ ಬೇಕಾದಾಗ ಬರುವದು ಸಲ್ಲದು. ಆದರೆ ದಿನದ ಎಣಿಕೆಯು ಅರ್ಜಿ ಮುಟ್ಟಿದಂದಿಗೆ ನಿಲ್ಲಲಿ. ಗೊತ್ತಾದ ಅವಧಿಯೊಳಗೆ ಕಾರಣಸಹಿತವಾದ ಲಿಖಿತ ಉತ್ತರ ದೊರೆಯಲಿ. ಅಧಿಕಾರಿಗೂ ಸಿಪಾಯಿಗೂ ನಿಯಮವು ಒಂದೇ ಇರಲಿ. ಮರಳುವ ದಾರಿಯು ದೊಡ್ಡವರ ಕೃಪೆಯಲ್ಲಿದ್ದರೆ, ಮರಳಿದವನು ಕಾಯದೆಯ ಸೇವಕನಾಗನು. ಕೃಪೆ ಮಾಡಿದವರ ಋಣಿಯಾಗಿಯೇ ಉಳಿಯುವನು. ಅಂಥ ಪೋಲೀಸನಿಂದ ಪ್ರಜೆಗೆ ರಕ್ಷಣೆಯೆಲ್ಲಿಂದ ಬಂದೀತು?