ಮನೆಯ ಮೇಲಿನ ಬಣ್ಣದ ದೀಪ: ಅರ್ಥ ಮತ್ತು ವ್ಯಾಪಾರ

ಕರ್ನಾಟಕದ ಯಾವುದೇ ಪಟ್ಟಣದಲ್ಲಿ ಸಂಜೆಯ ಹೊತ್ತು ಒಂದು ಮನೆಯ ಮಾಳಿಗೆಯಿಂದ ನೆಲದವರೆಗೆ ಸೀರಿಯಲ್ ಸೆಟ್‌ಗಳು ಇಳಿಬಿದ್ದಿದ್ದರೆ, ಅಲ್ಲಿ ಮದುವೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಲಗ್ನಪತ್ರಿಕೆ ತಲುಪದವರಿಗೂ ಸುದ್ದಿ ತಲುಪಿರುತ್ತದೆ. ಪರಊರಿನಿಂದ ಬಂದ ನೆಂಟರಿಗೆ ಬಾಗಿಲ ಸಂಖ್ಯೆಯ ಅಗತ್ಯವಿಲ್ಲ. “ಲೈಟ್ ಹಾಕಿರುವ ಮನೆ” ಎಂದರೆ ಆಟೋ ಚಾಲಕನಿಗೂ ಸಾಕು. ಎರಡು ದಿನಗಳ ನಂತರ ದೀಪಗಳು ಇಳಿದಾಗ, ಹೆಣ್ಣನ್ನು ಕಳುಹಿಸಿಕೊಟ್ಟಾಯಿತೆಂಬುದೂ ಬೀದಿಗೆ ತಿಳಿಯುತ್ತದೆ.

ಮನೆಯ ಹೊರಗೆ ಹಚ್ಚುವ ದೀಪವು ಹೀಗೆ ಒಂದು ಪ್ರಕಟಣೆ. ಕರಾವಳಿಯ ಗೂಡುದೀಪ ಮತ್ತು ಉತ್ತರ ಕರ್ನಾಟಕದ ಆಕಾಶಬುಟ್ಟಿ ದೀಪಾವಳಿಯನ್ನು ಸಾರಿದರೆ, ಡಿಸೆಂಬರಿನಲ್ಲಿ ಜಗಲಿಗೆ ತೂಗಿದ ನಕ್ಷತ್ರವು ಕ್ರಿಸ್ಮಸ್ಸನ್ನು, ಹಸಿರು ದೀಪಗಳ ಸಾಲು ಮಿಲಾದ್ ಹಬ್ಬವನ್ನು ಸಾರುತ್ತವೆ. ದೀಪವಿಲ್ಲದಿರುವುದಕ್ಕೂ ಅರ್ಥವುಂಟು. ನೆರೆಮನೆಯಲ್ಲಿ ಸಾವು ಸಂಭವಿಸಿದಾಗ, ಕಟ್ಟಿದ ದೀಪಗಳನ್ನು ಬಿಚ್ಚದಿದ್ದರೂ ಆ ರಾತ್ರಿ ಗುಂಡಿ ಒತ್ತದಿರುವ ಮರ್ಯಾದೆಯನ್ನು ಬಹುಪಾಲು ಬೀದಿಗಳು ಇನ್ನೂ ಉಳಿಸಿಕೊಂಡಿವೆ. ಬರಹವಿಲ್ಲದ ಈ ಭಾಷೆಯನ್ನು ಓದಲು ಯಾವ ಶಾಲೆಯೂ ಬೇಕಾಗಿಲ್ಲ.

ಈ ಭಾಷೆಗೆ ಆಧಾರವಾಗಿದ್ದುದು ಒಂದು ಸಣ್ಣ ಉದ್ಯೋಗ: ಶಾಮಿಯಾನ ಮತ್ತು ಲೈಟಿಂಗ್ಸ್ ಬಾಡಿಗೆ ಅಂಗಡಿ. ಹಳೆಯ ಸೀರಿಯಲ್ ಸೆಟ್ಟಿನ ರಚನೆ ಅತಿ ಸರಳವಾದುದು. 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ಒಂದರ ಬೆನ್ನಿಗೊಂದರಂತೆ ಸುಮಾರು 38ರಷ್ಟು ಪೋಣಿಸಿದರೆ, ಮನೆಯ 230 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ. ಒಂದು ಬಲ್ಬು ಸತ್ತರೆ ಇಡೀ ಸರವೇ ಕತ್ತಲು. ಸತ್ತ ಬಲ್ಬನ್ನು ಹುಡುಕಿ ಬದಲಿಸುವುದು, ಮಳೆಗೆ ಕೆಟ್ಟ ಬೆಸುಗೆಯನ್ನು ಮತ್ತೆ ಹಾಕುವುದು, ಏಣಿ ಹತ್ತಿ ಮಾಳಿಗೆಗೆ ಕಟ್ಟುವುದು — ಇವೆಲ್ಲಕ್ಕೂ ಕೈಗೊಬ್ಬ ಹುಡುಗ ಬೇಕಾಗಿತ್ತು. ದೀಪವು ಬೇಗ ಕೆಡುತ್ತಿತ್ತು, ವಿದ್ಯುತ್ತನ್ನೂ ತಿನ್ನುತ್ತಿತ್ತು. ಆದ್ದರಿಂದಲೇ ಅದು ಎರಡು ದಿನದ ವಸ್ತುವಾಗಿತ್ತು. ಆ ಎರಡು ದಿನದ ಮಿತಿಯೇ ಅದರ ಅರ್ಥವನ್ನು ಕಾಪಾಡುತ್ತಿತ್ತೆಂಬುದು ಈಗ ಅರಿವಾಗುತ್ತಿದೆ.

1990ರ ದಶಕದಲ್ಲಿ ನೀಲಿ ಎಲ್‌ಇಡಿ ಸಿದ್ಧವಾದಾಗ (ಅದಕ್ಕಾಗಿ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು) ಬಣ್ಣ ಬಳಿದ ಗಾಜಿನ ಅಗತ್ಯವೇ ತಪ್ಪಿತು. ಚೀನಾದಲ್ಲಿ ಅಪಾರ ಪ್ರಮಾಣದಲ್ಲಿ ತಯಾರಾಗುವ ಸರಗಳು ಬಂದ ಮೇಲೆ, ಬಾಡಿಗೆ ಕೊಡುವುದಕ್ಕಿಂತ ಕೊಂಡುಬಿಡುವುದೇ ಲೇಸೆಂದು ಗಿರಾಕಿಗೆ ತೋರಿತು. ಕೊಂಡದ್ದನ್ನು ಬಿಚ್ಚುವವರು ಯಾರು? ಹಬ್ಬ ಮುಗಿದು ತಿಂಗಳುಗಳಾದರೂ ಅದು ಬಾಲ್ಕನಿಯಲ್ಲೇ ಮಿನುಗುತ್ತಿರುತ್ತದೆ. ಮೊಬೈಲ್ ಅಂಗಡಿ, ಜ್ಯೂಸ್ ಅಂಗಡಿ, ಹೋಟೆಲು, ಎಲ್ಲವೂ ವರ್ಷವಿಡೀ ಮದುವೆಮನೆಗಳೇ.

ಇದರಿಂದ ಬೇಡಿಕೆ ಹೆಚ್ಚಿತಲ್ಲವೇ ಎಂದು ವರ್ತಕರು ಕೇಳಬಹುದು. ಮಾರಾಟವಾದ ಸರಗಳ ಸಂಖ್ಯೆ ಹೆಚ್ಚಿರುವುದು ನಿಜ. ಆದರೆ ಏನನ್ನೂ ಸಾರದ ದೀಪಕ್ಕೆ ಗಿರಾಕಿಯು ಅರ್ಥದ ಬೆಲೆಯನ್ನು ಕೊಡುವುದಿಲ್ಲ. ಮೀಟರಿನ ಬೆಲೆಯನ್ನು ಮಾತ್ರ ಕೊಡುತ್ತಾನೆ. ಮೀಟರಿನ ಲೆಕ್ಕದಲ್ಲಿ ಹುಬ್ಬಳ್ಳಿಯ ಅಥವಾ ದಾವಣಗೆರೆಯ ಸಣ್ಣ ಉದ್ದಿಮೆದಾರನು ಚೀನಾದ ಕಾರ್ಖಾನೆಯನ್ನು ಗೆಲ್ಲುವ ಸಂಭವವಿಲ್ಲ. ದೀಪಾವಳಿ ಬಂದಾಗಲೆಲ್ಲ ಚೀನೀ ದೀಪಗಳನ್ನು ಬಹಿಷ್ಕರಿಸಬೇಕೆಂಬ ಕರೆ ಕೇಳಿಬರುತ್ತದೆ. 2020ರ ಗಲ್ವಾನ್ ಘರ್ಷಣೆಯ ನಂತರ ಅದು ಇನ್ನಷ್ಟು ಜೋರಾಗಿತ್ತು. ಕರೆ ಕೊಟ್ಟವರ ಮನೆಯ ಮೇಲೂ ಅದೇ ಸರಗಳು ಇದ್ದುದನ್ನು ಕಂಡವರಿಗೆ, ಭಾವೋದ್ರೇಕದಿಂದ ವ್ಯಾಪಾರ ನಡೆಯದೆಂಬುದು ತಿಳಿದೇ ಇದೆ.

ಭಾವೋದ್ರೇಕಕ್ಕಿಂತ ಉಪಯುಕ್ತವಾದ ಸಾಧನವೊಂದು ಈಗಾಗಲೇ ಕಾನೂನಿನಲ್ಲಿದೆ. ಎಲ್‌ಇಡಿ ದೀಪಮಾಲೆಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ಸೇರಿವೆ. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಅವುಗಳ ಮೇಲೆ ಇರತಕ್ಕದ್ದು. 2016ರ ಮಾನಕ ಬ್ಯೂರೋ ಅಧಿನಿಯಮವು ಗುರುತಿಲ್ಲದ ಇಂತಹ ಸರಕನ್ನು ತಯಾರಿಸುವುದನ್ನಷ್ಟೇ ಅಲ್ಲ, ಮಾರುವುದನ್ನೂ ಬಾಡಿಗೆಗೆ ಕೊಡುವುದನ್ನೂ ದಾಸ್ತಾನು ಇಡುವುದನ್ನೂ ನಿಷೇಧಿಸುತ್ತದೆ. ಚೀಟಿ ಇಲ್ಲದೆ, ಪೆಟ್ಟಿಗೆ ಇಲ್ಲದೆ, ಕಟ್ಟುಗಟ್ಟಲೆ ಸರಗಳನ್ನು ಹಬ್ಬಕ್ಕೆ ಮುನ್ನ ತರಿಸಿಕೊಳ್ಳುವ ಚಿಲ್ಲರೆ ವರ್ತಕರು ಇದನ್ನು ಲಘುವಾಗಿ ಪರಿಗಣಿಸುತ್ತಿರುವುದು ವಿಷಾದಕರ. ತೆಳುವಾದ ತಂತಿಯನ್ನು ಕಬ್ಬಿಣದ ಗೇಟಿಗೆ ಸುತ್ತಿದ ಮನೆಯಲ್ಲಿ ಮಳೆ ಬಂದ ರಾತ್ರಿ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಆ ಗೇಟನ್ನು ಮೊದಲು ಮುಟ್ಟುವುದು ಸಾಮಾನ್ಯವಾಗಿ ಮಗುವೇ.

ಬಾಡಿಗೆ ಅಂಗಡಿಯವನ ಅವಕಾಶವಿರುವುದು ಇಲ್ಲಿಯೇ. ಅವನು ಇನ್ನು ಮುಂದೆ ಮಾರಬೇಕಾದುದು ಸರವನ್ನಲ್ಲ, ಜೋಡಣೆಯನ್ನು: ನೀರು ನುಗ್ಗದ ಸರ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಕಂಬದ ತಂತಿಗೆ ಕೊಕ್ಕೆ ಹಾಕದೆ ಪಡೆದ ತಾತ್ಕಾಲಿಕ ಸಂಪರ್ಕ, ಮತ್ತು ಮದುವೆ ಮುಗಿದ ಮರುದಿನವೇ ಎಲ್ಲವನ್ನೂ ಬಿಚ್ಚಿಕೊಂಡು ಹೋಗುವ ಶಿಸ್ತು. ಕೊಕ್ಕೆ ಹಾಕುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ ಪ್ರಕಾರ ಕಳ್ಳತನವೆಂಬುದನ್ನು ಗಿರಾಕಿಗೆ ಹೇಳಲು ಸಂಕೋಚ ಬೇಡ.

ತಯಾರಕರಿಗಾದರೋ ಗೂಡುದೀಪವೇ ದಾರಿ ತೋರುತ್ತದೆ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಒಳಗೊಂದು ಬಲ್ಬು. ಬಲ್ಬಿನ ಬೆಲೆ ಎಷ್ಟೇ ಇಳಿಯಲಿ, ಗೂಡಿನ ಬೆಲೆ ಇಳಿಯುವುದಿಲ್ಲ, ಏಕೆಂದರೆ ಕೊಳ್ಳುವವನು ಹಬ್ಬವನ್ನು ಕೊಳ್ಳುತ್ತಾನೆ. ಬಣ್ಣಕ್ಕೆ ಅರ್ಥ ಕೊಡುವ ಕೆಲಸವನ್ನು ಬೇರೆ ದೇಶದ ವರ್ತಕರೂ ಮಾಡಿದ್ದುಂಟು. 2015ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು, ನಿವೃತ್ತ ಸೈನಿಕರ ಗೌರವಾರ್ಥ ಮನೆಯ ಮುಂದೆ ಹಸಿರು ಬಲ್ಬನ್ನು ಉರಿಸಬೇಕೆಂದು ಪ್ರಚಾರಾಂದೋಲನ ನಡೆಸಿತು. ಬಲ್ಬು ಸಾಧಾರಣವಾದುದೇ, ಅದಕ್ಕೆ ಅಂಟಿದ ಮಾತು ಮಾತ್ರ ಹೊಸದು. ಬಣ್ಣಗಳ ಸಂಖ್ಯೆ ಹೆಚ್ಚಿದಷ್ಟೂ ಸೊಬಗು ಹೆಚ್ಚುತ್ತದೆಂಬ ಭ್ರಮೆಯುಳ್ಳವರು ಮೈಸೂರು ಅರಮನೆಯನ್ನು ನೋಡಬಹುದು. ಅಲ್ಲಿನ ಸುಮಾರು ಒಂದು ಲಕ್ಷ ಬಲ್ಬುಗಳದು ಒಂದೇ ಹೊಂಬಣ್ಣ.

ಎಲ್‌ಇಡಿ ದೀಪಗಳ ಮೇಲಿನ ಜಿಎಸ್‌ಟಿ 2022ರ ಜುಲೈನಲ್ಲಿ ಶೇ. 12ರಿಂದ ಶೇ. 18ಕ್ಕೆ ಏರಿದ ನಂತರ, ಬಿಲ್ಲು ಹಾಕಿ ಮಾರುವವನಿಗೂ ಬಿಲ್ಲಿಲ್ಲದೆ ಮಾರುವವನಿಗೂ ನಡುವಿನ ಅಂತರ ಮತ್ತಷ್ಟು ಹೆಚ್ಚಿದೆ. ನಿಯಮ ಪಾಲಿಸುವವನೇ ನಷ್ಟ ಅನುಭವಿಸುವ ಈ ಸ್ಥಿತಿಯನ್ನು ವರ್ತಕರ ಸಂಘಟನೆಗಳು ಅಧಿಕಾರಿಗಳ ಗಮನಕ್ಕೆ ತರುವುದು ಅವಶ್ಯಕ. ಅದರೊಂದಿಗೆ, ದೀಪ ಕಟ್ಟುವ ಹುಡುಗರಿಗೆ ದೀಪಾವಳಿಗೆ ಒಂದು ತಿಂಗಳು ಮುಂಚಿತವಾಗಿ ಒಂದು ದಿನದ ಸುರಕ್ಷತಾ ತರಬೇತಿಯನ್ನು ಏರ್ಪಡಿಸುವುದು ಯಾವ ಜಿಲ್ಲಾ ವಾಣಿಜ್ಯ ಸಂಸ್ಥೆಗೂ ಭಾರವಾಗಲಾರದು. ಅದಕ್ಕೆ ಬೇಕಾದುದು ಒಂದು ಸಭಾಂಗಣ, ಒಬ್ಬ ಅನುಭವಿ ವಿದ್ಯುತ್ ಗುತ್ತಿಗೆದಾರ, ಮತ್ತು ಮಧ್ಯಾಹ್ನದ ಊಟ.