ಸಕ್ಕರೆ ಸೊನ್ನೆ, ಉಳಿದದ್ದು?

ಚಳ್ಳಕೆರೆಗೆ ಹೋದಾಗಲೆಲ್ಲ ಅಪ್ಪನ ಕೈಯಲ್ಲಿ ಡಯಟ್ ಕೋಲಾ. ಅವರಿಗೆ ಶುಗರ್. ‘ಇದ್ರಾಗೆ ಸಕ್ಕರೆ ಇಲ್ಲ ಕಣಪ್ಪ’ ಅಂತಾರೆ.

ಕ್ಯಾನ್ ತಿರುಗಿಸಿ ಓದಿದೆ. 951 ಅಂದರೆ ಆಸ್ಪರ್ಟೇಮ್, ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಜೊತೆಗೆ 950, ಅಸೆಸಲ್ಫೇಮ್. 338 ಫಾಸ್ಫರಿಕ್ ಆಮ್ಲ, ಹಲ್ಲಿಗೆ ಒಳ್ಳೇದಲ್ಲ. ಕೆಫೀನ್ ಬೇರೆ.

2023ರಲ್ಲಿ ಆಸ್ಪರ್ಟೇಮ್ ‘ಕ್ಯಾನ್ಸರ್ ತರುವ ಸಾಧ್ಯತೆ ಇರುವ’ ಪಟ್ಟಿಗೆ ಸೇರಿದ್ದು ನಿಜ. ಆದರೆ 70 ಕೆಜಿ ತೂಕದವರು ದಿನದ ಮಿತಿ ದಾಟಬೇಕಾದರೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಕುಡಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. (ಇದನ್ನ ವಾಟ್ಸಾಪ್‌ನಲ್ಲಿ ಯಾರೂ ಫಾರ್ವರ್ಡ್ ಮಾಡಲ್ಲ.)

ನನಗೆ ಭಯ ಕ್ಯಾನಿನದ್ದಲ್ಲ. ಅದರ ಧೈರ್ಯದ ಮೇಲೆ ಅಪ್ಪ ತರಿಸಿಕೊಳ್ಳುವ ಎರಡನೇ ಪ್ಲೇಟ್ ಮಂಡಕ್ಕಿ, ಮೆಣಸಿನಕಾಯಿಯದ್ದು. ಹೇಳಿದೆ. ‘ಹಂಗಾದ್ರೆ ಮಜ್ಜಿಗೆ ಕೊಡ್ಸು’ ಅಂದರು. ಕೊಡಿಸಿದೆ. ಪ್ಲೇಟ್ ಮಾತ್ರ ಬಿಡಲಿಲ್ಲ.